ಮೊದಲ ಸಾಲಿನಿಂದ ಬಂದ ಕೂಗು

ಅಡುಗೆಮನೆಯ ಕಿಟಕಿ ಕಟ್ಟೆಯಿಂದ
(ಮೇಜು ಬಾಲ್ಕನಿಯಲ್ಲಿದೆ)
ತಾರೀಖು ಹದಿನಾಲ್ಕು, ಗುರುವಾರ ಬೆಳಿಗ್ಗೆ

ಪ್ರೀತಿಯ ಇವಳೇ,

ಮೊದಲು ನಿನ್ನ ಮಂಡಿ ಹೇಗಿದೆ ಹೇಳು. ನಿಮ್ಮಕ್ಕನ ಮನೆಯ ಮೆಟ್ಟಿಲು ನನಗೆ ಗೊತ್ತು, ಅದನ್ನು ಕಟ್ಟಿದ ಮೇಸ್ತ್ರಿ ಮೊದಲು ಏಣಿ ಮಾಡುತ್ತಿದ್ದವನಿರಬೇಕು. ಹತ್ತುವಾಗ ಕಂಬಿ ಹಿಡಿದುಕೋ, ಕೈಯಲ್ಲಿ ಬಕೆಟ್ ಹಿಡಿದು ಹತ್ತಬೇಡ. ಮಂಡಿಗೆ ಹಚ್ಚುವ ಎಣ್ಣೆಯನ್ನು ಇಲ್ಲೇ ಫ್ರಿಜ್ಜಿನ ಮೇಲೆ ಬಿಟ್ಟು ಹೋಗಿದ್ದೀಯ. ಸಿಟ್ಟಿನಲ್ಲಿ ಹೊರಟವರು ಯಾವಾಗಲೂ ಬೇಕಾದದ್ದನ್ನೇ ಬಿಟ್ಟು ಹೋಗುತ್ತಾರೆ (ನಾನೂ ಆ ಸಾಮಾನಿನಲ್ಲಿ ಸೇರಿದ್ದೇನೆ ಎಂದು ಸಮಾಧಾನ ಮಾಡಿಕೊಂಡಿದ್ದೇನೆ). ಶೀಶೆಯನ್ನು ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ, ಮುಚ್ಚಳ ಸಡಿಲ, ನೆಟ್ಟಗೆ ಇಡು. ನಿಮ್ಮಕ್ಕನ ರಕ್ತದೊತ್ತಡ ಇಳಿಯಿತೇ? ಷಡ್ಡಕರ ಗೊರಕೆ ಈಗಲೂ ಅದೇ ಶ್ರುತಿಯಲ್ಲಿದೆಯೇ? ಆರ್ಗನ್ನಿನ ಸದ್ದು ತಡೆಯಲಾರದೆ ಹೋದವಳು ಆ ಗೊರಕೆಯ ಪಕ್ಕದ ಕೋಣೆಯಲ್ಲಿ ಮಲಗಿದ್ದೀಯಲ್ಲ ಎಂದು ನೆನೆದು ನನಗೆ ನಗು ಬಂತು, ಆಮೇಲೆ ನಗಬಾರದಿತ್ತು ಅನ್ನಿಸಿತು. ಎರಡನ್ನೂ ಬರೆದಿದ್ದೇನೆ, ಯಾವುದು ಬೇಕೋ ಇಟ್ಟುಕೋ.

ನಾನು ಕ್ಷೇಮ. ಹಾಗೆ ಬರೆಯಬೇಕಲ್ಲ, ಬರೆದೆ. ನಿಜ ಹೇಳಬೇಕೆಂದರೆ ನೀನು ಹೋದ ಭಾನುವಾರದಿಂದ ಬೇಕರಿಯವನ ಬನ್ನು ಮತ್ತು ನನ್ನ ಕೈಯಡುಗೆ, ಇವೆರಡರ ಮೇಲೆ ಜೀವ ಹಿಡಿದಿದ್ದೇನೆ, ಎರಡೂ ಒಂದೇ ಸಮ ಗಟ್ಟಿ. ಆರ್ಗನ್ನು ಇದ್ದಲ್ಲೇ ಇದೆ, ಮುಂದಿನ ಕೋಣೆಯಲ್ಲಿ, ಬೀರುವಿಗೆ ಒರಗಿಕೊಂಡು. ಊಟದ ಮೇಜು ಬಾಲ್ಕನಿಯಲ್ಲಿ ನಾಲ್ಕೂ ಕಾಲು ಮೇಲೆ ಮಾಡಿಕೊಂಡು ಮಲಗಿದೆ. ಟೀವಿ ನೋಡಬೇಕಾದರೆ ಆರ್ಗನ್ನಿನ ಬೆಂಚಿನ ಮೇಲೆಯೇ ಕೂರಬೇಕು, ಕೂತರೆ ಅದು ಕರೆಂಟಿಲ್ಲದೆಯೂ ನರಳುತ್ತದೆ. ನಿನ್ನ ಕುಂಡಗಳಿಗೆ ನೀರು ಹಾಕಿದ್ದೇನೆ. ಗಾಜಿನ ಬೀರುವಿನ ಬಿರುಕು ದೊಡ್ಡದಾಗಿಲ್ಲ, ದಿನಾ ಬೆರಳಿಟ್ಟು ನೋಡುತ್ತೇನೆ. ಆರ್ಗನ್ನು ಬರೀ ಎರಡು ದಿನದ ಮಟ್ಟಿಗೆ ಎಂದು ನಾನು ಹೇಳಿದ್ದು ಸುಳ್ಳಲ್ಲ, ಆಗ ನಾನೂ ಅದನ್ನು ನಂಬಿದ್ದೆ. ಬೇರೆಲ್ಲಿ ಇಡೋಣ ಹೇಳು? ಬೇಕರಿಯವನ ಹಿಟ್ಟಿನ ಕೋಣೆಯಲ್ಲಿ ಇಲಿ ಕಾಟ, ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಬಾಗಿಲು ಕಿರಿದು, ಕಂಡಕ್ಟರನ ಮನೆ ಮೂರನೇ ಮಹಡಿ. ಎರಡು ರೆಕ್ಕೆಯ ಬಾಗಿಲು ಇರುವುದು ನಮ್ಮ ಮನೆಗೆ ಮಾತ್ರ. ಆ ಬಾಗಿಲನ್ನು ಆಸೆಪಟ್ಟು ಹಾಕಿಸಿದವಳು ನೀನೇ ಎಂದು ನೆನಪಿಸುವುದಿಲ್ಲ.

ಫೋನ್ ಮಾಡದೆ ಕಾಗದ ಯಾಕೆ ಎಂದು ಕೇಳುತ್ತೀಯ. ಫೋನ್ ಮಾಡಿದ್ದೆ. ಮಾಡಿದಾಗಲೆಲ್ಲ ನಿಮ್ಮಕ್ಕ ಎತ್ತಿ, ನೀನು ಸ್ನಾನಕ್ಕೆ ಹೋಗಿದ್ದೀಯ ಅಂದರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಸ್ನಾನ ಮಾಡಲು ನೀನೇನು ಮೀನೇ? ಇರಲಿ. ನೀನು ಎತ್ತಿದ್ದರೂ ಪ್ರಯೋಜನವಿರಲಿಲ್ಲ. ನೀನು ಒಂದು ಹೇಳಿದರೆ ನನಗೆ ಇನ್ನೊಂದು ಕೇಳಿಸುತ್ತದೆ, ಅದು ಈ ವಾರ ಸಾಬೀತಾಗಿದೆ. ಅದನ್ನೇ ಈಗ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಕನ್ನಡಕ ಹಾಕಿಕೊಂಡು ಕೂತು ಓದು.

ಶನಿವಾರ ಸಂಜೆ ಹಳೇ ಸ್ಕೇಟಿಂಗ್ ಹಾಲಿನಲ್ಲಿ, ನಾವೆಲ್ಲ ಗುಡುಗು ಎಂದು ಕರೆಯುವ ಆರ್ಗನ್ನಿನವರು ಕೊನೆಯ ಸಲ ನುಡಿಸುತ್ತಾರಲ್ಲ, ಅದಕ್ಕೆ ತಯಾರಿ ಮಾಡಲು ನಮ್ಮ ಗುಡುಗು ಬಳಗ ದಿನಾ ನಮ್ಮ ಮನೆಯಲ್ಲೇ ಸೇರುತ್ತಿದೆ. ಆ ಹಾಲು ಈಗ ಸೋಫಾ ಗೋದಾಮು. ಯಜಮಾನರು ಒಂದು ಸಂಜೆಗೆ ಬಿಟ್ಟುಕೊಟ್ಟಿದ್ದಾರೆ, ಜನ ಪ್ಲಾಸ್ಟಿಕ್ ಸುತ್ತಿದ ಸೋಫಾಗಳ ಮೇಲೆ ಕೂತು ರಾಕ್ ಸಂಗೀತ ಕೇಳಬೇಕು, ಯಾರೂ ಪ್ಲಾಸ್ಟಿಕ್ ಬಿಚ್ಚಕೂಡದು. ಬಳಗ ಎಂದರೆ ನಿನಗೆ ಗೊತ್ತಿರುವ ಅದೇ ನಾಲ್ಕು ಜನ: ಬೇಕರಿಯವನು, ಡಾಕ್ಟರಮ್ಮ, ರಿಟೈರಾದ ಮೇಲೂ ಬಸ್ಸಿನಿಂದ ಇಳಿಯದ ಕಂಡಕ್ಟರ್, ಮತ್ತು ನಾನು. ಬೇರೆಯವರೆಲ್ಲ ರಾಕ್ ತಂಡದಲ್ಲಿ ಗಿಟಾರಿನವನನ್ನು ನೋಡಲು ಹೋಗುತ್ತಿದ್ದ ಕಾಲದಲ್ಲಿ ನಾವು ಆರ್ಗನ್ನಿನವರನ್ನು ನೋಡಲು ಹೋಗುತ್ತಿದ್ದೆವು ಎಂದು ನಾನು ಒಮ್ಮೆ ಹೆಮ್ಮೆಪಟ್ಟಾಗ, "ಬರೀ ನೋಡೋಕೆ ಹೋಗಿದ್ರೆ ಕಿವಿಯಾದ್ರೂ ಉಳೀತಿತ್ತು" ಅಂದಿದ್ದೆ ನೀನು. ಆಗ ಅದನ್ನು ತಮಾಷೆ ಎಂದು ತಿಳಿದಿದ್ದೆ.

ಈ ನಾಲ್ಕು ಜನ ಸೇರಿದರೆ, ನಮ್ಮ ಮದುವೆಗೂ ಮೊದಲು ಅದೇ ಹಾಲಿನಲ್ಲಿ ನಡೆದ ಆ ಒಂದು ಸಂಜೆಯ ಕಛೇರಿಯ ಬಗ್ಗೆ ನಾಲ್ಕು ಕಥೆ. ಬೇಕರಿಯವನ ಪ್ರಕಾರ ಗುಡುಗು ಅವತ್ತು ಆರ್ಗನ್ನನ್ನು ಎರಡೂ ಅಂಗೈಯಲ್ಲಿ ಚೆನ್ನಾಗಿ ನಾದಿದರು, ಆಮೇಲೆ ಮೊಣಕೈಯಲ್ಲಿ ಲಟ್ಟಿಸಿದರು, ಕೊನೆಗೆ ಅದು ಉಬ್ಬಿತು. ಡಾಕ್ಟರಮ್ಮನ ಪ್ರಕಾರ ಮೇಲಿನ ಸಾಲಿನಿಂದ ಒಂದು ಬಿಳಿ ಕೀಯನ್ನು ಬೇರುಸಮೇತ ಕಿತ್ತು ಜನರ ಮೇಲೆ ಎಸೆದರು, ಅದೂ ಮರಗಟ್ಟಿಸುವ ಇಂಜೆಕ್ಷನ್ ಕೊಡದೆ. ಕಂಡಕ್ಟರನಿಗೆ ಸಂಗೀತ ಒಂದು ಚೂರೂ ನೆನಪಿಲ್ಲ. ಕೂತವರೆಷ್ಟು, ನಿಂತವರೆಷ್ಟು, ಟಿಕೆಟಿಲ್ಲದೆ ಹಿಂದಿನ ಬಾಗಿಲಿನಿಂದ ಹತ್ತಿದವರು ಯಾರು ಯಾರು ಅನ್ನುವುದೆಲ್ಲ ಬಾಯಿಪಾಠ. ಗುಡುಗು ತೊಟ್ಟಿದ್ದ ಕೋಟಿನ ಬಣ್ಣಕ್ಕೆ ಮೊನ್ನೆ ದೊಡ್ಡ ಜಗಳವೇ ಆಯಿತು. ಬೇಕರಿಯವನು ಬೆಣ್ಣೆ ಬಣ್ಣ ಅಂದ, ಡಾಕ್ಟರಮ್ಮ ಅಪ್ಪಟ ಬಿಳಿ ಅಂದರು, ಕಂಡಕ್ಟರ್ ಖಾಕಿ ಎಂದು ಆಣೆ ಇಟ್ಟ. ನಾನು ಕಪ್ಪು ಅಂದೆ, ಅದನ್ನು ಯಾರೂ ಕಿವಿಗೇ ಹಾಕಿಕೊಳ್ಳಲಿಲ್ಲ.

ನಾಲ್ವರೂ ಒಪ್ಪುವುದು ಒಂದೇ ವಿಷಯ, ಆ ಕೂಗು. ತಗಡಿನ ಚಾವಣಿಯ ಕೆಳಗೆ ಜನ ಬೆವರಿನಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡಿದ್ದರು. ಗುಡುಗು ಒಬ್ಬರೇ ನುಡಿಸುತ್ತ ನುಡಿಸುತ್ತ ಬಂದು, ಸದ್ದನ್ನು ಸಣ್ಣಗೆ, ಇನ್ನೂ ಸಣ್ಣಗೆ ಮಾಡಿ, ಇನ್ನೇನು ಕೈ ಎತ್ತುತ್ತಾರೆ ಅನ್ನುವಾಗ ಮೊದಲ ಸಾಲಿನಲ್ಲಿ ಕೊಡೆ ಹಿಡಿದ ಹುಡುಗಿಯೊಬ್ಬಳು ಎದ್ದು ನಿಂತು ಕೂಗಿದಳು: "ಹಾಕು!" ಹಾಲಿಗೆ ಹಾಲೇ ಅದನ್ನು ಎತ್ತಿಕೊಂಡಿತು. ಹಾಕು, ಹಾಕು! ಗುಡುಗು ಎರಡೂ ಮೊಣಕೈಯನ್ನು ಕೀಗಳ ಮೇಲೆ ಕುಕ್ಕಿ ಮತ್ತೆ ಶುರು ಮಾಡಿದವರು ಕೊನೆಯ ಬಸ್ಸು ಹೋದ ಮೇಲೂ ನಿಲ್ಲಿಸಲಿಲ್ಲ. ನಾನು ಸ್ಪೀಕರಿಗೆ ಕಿವಿ ಆನಿಸಿಕೊಂಡು ನಿಂತಿದ್ದೆ. ತಿರುಗಿ ನೋಡಿದೆ, ನೀನು. ಮುಖ ಕೆಂಪಗೆ, ಕೊಡೆಯಲ್ಲಿ ವೇದಿಕೆಯ ಅಂಚಿಗೆ ಬಡಿಯುತ್ತಿದ್ದೆ. ಸಂಗೀತಕ್ಕೆ ಇಷ್ಟು ಪ್ರಾಣ ಬಿಡುವ ಹುಡುಗಿ ಇನ್ನೊಬ್ಬಳು ಸಿಗುವುದಿಲ್ಲ ಎಂದು ಅಲ್ಲೇ ನಿರ್ಧಾರ ಮಾಡಿಬಿಟ್ಟೆ. ಬಸ್ಸಿಲ್ಲದ ಕಾರಣ ನಿನ್ನನ್ನೂ ನಿಮ್ಮಕ್ಕನನ್ನೂ ಮನೆಯವರೆಗೆ ನಡೆಸಿಕೊಂಡು ಬಂದೆ, ಬಾರು ಹರಿದ ನಿಮ್ಮಕ್ಕನ ಚಪ್ಪಲಿ ನನ್ನ ಕೈಯಲ್ಲಿ. ದಾರಿಯುದ್ದಕ್ಕೂ ನೀನು ಏನೋ ಒಂದೇ ಸಮನೆ ಹೇಳುತ್ತಿದ್ದೆ. ನನ್ನ ಕಿವಿಯಲ್ಲಿ ಇನ್ನೂ ಆರ್ಗನ್ನು ಮೊಳಗುತ್ತಿದ್ದುದರಿಂದ ಎಲ್ಲವೂ ಮೆಚ್ಚುಗೆಯ ಮಾತಾಗಿಯೇ ಕೇಳಿಸಿತು.

ಅಂದಿನಿಂದ ಆ ಕೂಗು ಬಳಗದ ಆಸ್ತಿ. ಅಂಗಿಯ ಎದೆಯ ಮೇಲೆ ಹಾಕು, ಟೀ ಲೋಟದ ಮೇಲೆ ಹಾಕು, ಬೇಕರಿಯವನು ವರ್ಷಕ್ಕೊಮ್ಮೆ ಮಾಡುವ ಕೇಕಿನ ಮೇಲೂ ಹಾಕು. ಮೊದಲು ಕೂಗಿದವಳು ನನ್ನ ಹೆಂಡತಿ ಎಂಬ ಒಂದೇ ಕಾರಣಕ್ಕೆ ಬಳಗದಲ್ಲಿ ನನಗೆ ಮೊದಲ ತುಂಡು. ನಾನು ಆ ಕಥೆಯನ್ನು ಬಂದವರಿಗೆಲ್ಲ ಹೇಳುವಾಗ ನೀನು ಎದ್ದು ಒಳಗೆ ಹೋಗುತ್ತಿದ್ದೆ. ನಾಚಿಕೆ ಅಂದುಕೊಂಡಿದ್ದೆ, ಕಣೇ.

ಈಗ ಭಾನುವಾರಕ್ಕೆ ಬರುತ್ತೇನೆ. ಆರ್ಗನ್ನಿಗೆ ಜೀವ ಇದೆಯೇ ನೋಡೋಣ ಎಂದು ಬೇಕರಿಯವನು ಸ್ವಿಚ್ ಒತ್ತಿದ್ದು, ಡಾಕ್ಟರಮ್ಮ ಎಲ್ಲಕ್ಕಿಂತ ಕೆಳಗಿನ ಪೆಡಲ್ ತುಳಿದದ್ದು, ನಿನ್ನ ಸ್ಟೀಲ್ ಡಬ್ಬಿಗಳು ಶೆಲ್ಫಿನ ಅಂಚಿಗೆ ಸಾಲಾಗಿ ನಡೆದು ಬಂದು ಒಂದರ ಹಿಂದೆ ಒಂದು ಹಾರಿಕೊಂಡದ್ದು, ಬೀರುವಿನ ಗಾಜು ಬಿರಿದದ್ದು, ಇದಕ್ಕೆಲ್ಲ ನಾನೇ ಜವಾಬ್ದಾರ. ನೀನು ಕೂಗಾಡಲಿಲ್ಲ, ನನಗೆ ಹೆದರಿಕೆಯಾದದ್ದೇ ಅದಕ್ಕೆ. ಚೀಲ ತುಂಬಿಕೊಂಡೆ, ಟ್ಯಾಕ್ಸಿ ಬಂತು, ಹೊಸ್ತಿಲ ಮೇಲೆ ನಿಂತು ನನ್ನ ಕಡೆ ತಿರುಗಿದೆ. ಹಿಂದೆ ಆರ್ಗನ್ನು ಇನ್ನೂ ಗುಂಯ್‌ಗುಡುತ್ತಿತ್ತು. ನೀನು ಹೇಳಿದ್ದು ನನಗೆ ಕೇಳಿಸಿದ ಹಾಗೇ ಬರೆಯುತ್ತೇನೆ: "ಇವತ್ತಾದ್ರೂ ಕಿವಿ ಕೊಟ್ಟು ಕೇಳ್ರೀ. ಅವತ್ತು ನಾನು ಕೂಗಿದ್ದು ಹಾಕು ಅಂತ ಅಲ್ಲ. ಹಾಕು ಅಂತ." ನಾನು ತಲೆಯಾಡಿಸಿದೆ. ನಕ್ಕೆ ಕೂಡ. ಟ್ಯಾಕ್ಸಿ ತಿರುವಿನಲ್ಲಿ ಮರೆಯಾಗುವ ತನಕ ಕೈ ಬೀಸಿದೆ. ನನ್ನ ಆ ಹಲ್ಲುಕಿರಿದ ಮುಖ ನೋಡಿ ನೀನು ಏನಂದುಕೊಂಡಿರಬೇಡ! ಅವತ್ತಿಡೀ ಆ ಮಾತನ್ನೇ ಜಗಿದೆ. ಹಾಕು ಅಂತ ಅಲ್ಲ, ಹಾಕು ಅಂತ. ಇದೇನೋ ವೇದಾಂತ ಇರಬೇಕು, ನನ್ನ ತಲೆಗೆ ಹತ್ತುತ್ತಿಲ್ಲ ಅನ್ನಿಸಿತು.

ಸೋಮವಾರ ಅಂಗಡಿ ತೆಗೆದೆ, ಗಿರಾಕಿ ಇರಲಿಲ್ಲ. "ಊರಿಗೆಲ್ಲ ಕಿವಿ ನೋಡ್ತೀರ, ನಿಮ್ಮದನ್ನ ಒಂದ್ಸಲ ನೋಡ್ಕೊಳ್ರೀ" ಎಂದು ನೀನು ಹೇಳುತ್ತ ಬಂದದ್ದು ನೆನಪಾಯಿತು. ಕಿವಿ ಮಿಷನ್ ಮಾರುವವನ ಕಿವಿಗೆ ಏನಾಗಲು ಸಾಧ್ಯ ಎಂದು ನಾನು ಎದೆ ಸೆಟೆಸುತ್ತಿದ್ದೆ. ಸುಮ್ಮನೆ ಹೋಗಿ ಪರೀಕ್ಷೆಯ ಗಾಜಿನ ಗೂಡಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಹೆಡ್‌ಫೋನ್ ಏರಿಸಿ ಮಿಷನ್ ಚಾಲೂ ಮಾಡಿದೆ. ಅದರಲ್ಲಿ ಪದಗಳನ್ನು ಹೇಳುವ ಧ್ವನಿ ಯಾರದು ಅನ್ನುವುದು ನೆನಪಿದೆಯೇ? ಅಂಗಡಿ ತೆರೆದ ವರ್ಷ, ನಿನ್ನಷ್ಟು ಸ್ಪಷ್ಟವಾಗಿ ಮಾತಾಡುವವರು ಯಾರೂ ಇಲ್ಲ ಎಂದು ನಾನೇ ಗಂಟುಬಿದ್ದು ನಿನ್ನಿಂದ ಹೇಳಿಸಿ ತುಂಬಿಸಿಕೊಂಡದ್ದು. ಸೋಮವಾರ ಹೆಡ್‌ಫೋನಿನಲ್ಲಿ ನೀನು ಹೇಳುತ್ತ ಹೋದೆ, ನಾನು ಕೇಳಿಸಿದ್ದನ್ನು ಬರೆಯುತ್ತ ಹೋದೆ. ಕಿವಿ ಹೋ‍ಗುವಾಗ ಎಲ್ಲಕ್ಕಿಂತ ಮೊದಲು ಕೈಕೊಡುವುದು ಸಕಾರ, ಇದನ್ನು ನಾನೇ ದಿನಾ ಗಿರಾಕಿಗಳಿಗೆ ಪಾಠ ಹೇಳುತ್ತೇನೆ. ಮುಗಿದ ಮೇಲೆ ಉತ್ತರದ ಜೊತೆ ಹೋಲಿಸಿದೆ. ನೀನು ಸಾಲು ಅಂದಲ್ಲಿ ನಾನು ಹಾಲು ಎಂದು ಬರೆದಿದ್ದೆ. ನೀನು ಸಾವು ಅಂದಲ್ಲಿ ಹಾವು. ನೀನು ಸಾಕು ಅಂದಲ್ಲೆಲ್ಲ ಹಾಕು, ಹಾಕು, ಹಾಕು.

ಅಂಗಡಿಯ ಕಪಾಟಿನಿಂದ ಒಂದು ಮಿಷನ್ ತೆಗೆದು ನನ್ನ ಕಿವಿಗೇ ಇಟ್ಟುಕೊಂಡು, ಮತ್ತೆ ಮೊದಲಿನಿಂದ ಕೇಳಿದೆ. "ಸಾಕು" ಅಂದೆ ನೀನು. ಸಣ್ಣಗೆ, ತೆಳ್ಳಗೆ, ಮುಂದೆ ಒಂದು ಎಳೆ ಗಾಳಿ ಸೇರಿಸಿಕೊಂಡು. ನಿನ್ನ ಮಾತಿನಲ್ಲಿ ಇಂಥದ್ದೊಂದು ಇದೆ ಎಂದೇ ಮರೆತುಬಿಟ್ಟಿದ್ದೆ. ಹೆಂಡತಿಯ ಅರ್ಧ ಧ್ವನಿಯ ಜೊತೆಗೇ ಇಷ್ಟು ಕಾಲ ಸಂಸಾರ ಮಾಡಿದೆನಲ್ಲ ಎಂದು ದುಃಖ ಒತ್ತರಿಸಿ ಬಂತು, ಗೂಡಿನಲ್ಲಿ ಕೂತು ಅತ್ತೆ. ಕಣ್ಣು ಒರೆಸಿಕೊಂಡು ನೋಡಿದರೆ ಗಾಜಿನ ಹೊರಗೆ ಒಬ್ಬರು ಗಿರಾಕಿ ನಿಂತಿದ್ದಾರೆ. "ಪರೀಕ್ಷೆ ಅಷ್ಟು ನೋವಾಗುತ್ತಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಟುಹೋದರು.

ಆಮೇಲೆ ಒಂದೊಂದಾಗಿ ಹಳೆಯದೆಲ್ಲ ಎದ್ದು ಬಂತು. ಮದುವೆಯಾದಾಗಿನಿಂದ ಬೆಳಗಿನ ಕಾಫಿ ನಾನೇ ಮಾಡಿಕೊಡುತ್ತೇನೆ ಎಂದು ನೆಂಟರಿಷ್ಟರ ಮುಂದೆಲ್ಲ ಕೊಚ್ಚಿಕೊಂಡಿದ್ದೇನೆ. ಸಕ್ಕರೆ ಹಾಕುವಾಗ ನೀನು ಸಾಕು ಅನ್ನುತ್ತಿದ್ದೆ. ನಾನು ಇನ್ನೊಂದು ಚಮಚ ಹಾಕುತ್ತಿದ್ದೆ. ನೀನು ಇನ್ನೂ ಜೋರಾಗಿ ಸಾಕು ಅನ್ನುತ್ತಿದ್ದೆ. ಇವಳಿಗೆ ಅದೆಷ್ಟು ಸಿಹಿಯ ಚಪಲವಪ್ಪ ಎಂದು ನಗುತ್ತ ನಾನು ಮತ್ತೊಂದು ಹಾಕುತ್ತಿದ್ದೆ. ನೀನು ನನ್ನ ಮುಖವನ್ನೇ ನೋಡಿ, ಲೋಟ ತೆಗೆದುಕೊಂಡು, ಆ ಪಾನಕವನ್ನು ಕುಡಿದು ಮುಗಿಸುತ್ತಿದ್ದೆ. ಯಾಕೆ ಕುಡಿದೆಯೇ ಮಾರಾಯಿತಿ? ಒಂದು ದಿನವಾದರೂ ಲೋಟವನ್ನು ನನ್ನ ತಲೆಯ ಮೇಲೆ ಸುರಿಯಬಾರದಿತ್ತೇ? ಟೀವಿಯ ಸದ್ದು, ಫ್ಯಾನಿನ ವೇಗ, ನನ್ನ ಹರಟೆ, ನೀನು ಸಾಕು ಅಂದದ್ದನ್ನೆಲ್ಲ ನಾನು ಏರಿಸಿದ್ದೇ ಏರಿಸಿದ್ದು. ಈಗ ನನ್ನನ್ನು ಕಾಡುತ್ತಿರುವುದು ಒಂದೇ. ಹೊಸ್ತಿಲ ಮೇಲೆ ನಿಂತು ನೀನು ಅಂದೆಯಲ್ಲ ಸಾಕು, ಅದು ಆ ಕಛೇರಿಯ ಸಂಜೆಯದು ಮಾತ್ರವೇ, ಇಲ್ಲಾ ನನ್ನ ಜೊತೆಗಿನ ಇಷ್ಟು ವರ್ಷಕ್ಕೂ ಸೇರಿಸಿ ಅಂದದ್ದೇ? ಇದನ್ನು ಕೇಳಲು ಹೆದರಿಕೆಯಾಗುತ್ತದೆ, ಆದರೂ ಕೇಳಿದ್ದೇನೆ.

ಮಂಗಳವಾರ ಬಳಗಕ್ಕೆ ವಿಷಯ ತಿಳಿಸಲು ಹೊರಟೆ. ಅಂಗಿ, ಲೋಟ, ಕೇಕು ಎಲ್ಲ ತಪ್ಪು ಎಂದು ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡಿರಲು ಮನಸ್ಸಾಗಲಿಲ್ಲ. ಎಲ್ಲರೂ ಟೀ ಕುಡಿಯುವಾಗ ಗಂಟಲು ಸರಿಮಾಡಿಕೊಂಡು, "ಅವತ್ತು ನಮ್ಮವಳು ಕೂಗಿದ್ದು ಸಾಕು ಅಂತ" ಅಂದೆ. ಬೇಕರಿಯವನು "ಅದೇ ಅಲ್ವೇನಯ್ಯಾ ನಾವೂ ಹೇಳ್ತಿರೋದು" ಅಂದ. "ಹಾಕು ಅಲ್ಲ, ಸಾಕು" ಅಂದೆ, ಗಟ್ಟಿಯಾಗಿ. ಡಾಕ್ಟರಮ್ಮ ನನ್ನ ನಾಡಿ ಹಿಡಿದು ನೋಡಿ, ಹೆಂಡತಿ ಮನೆಯಲ್ಲಿಲ್ಲದಿದ್ದರೆ ಗಂಡಸರಿಗೆ ಹೀಗಾಗುವುದುಂಟು ಅಂದರು. ಸರಿ ಎಂದು ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಕಂಡಕ್ಟರನ ಕೈಗೆ ಕೊಟ್ಟೆ. ಅವನು ಕಣ್ಣಿನ ಹತ್ತಿರ ಹಿಡಿದು, ಎಲ್ಲರಿಗೂ ಕೇಳುವ ಹಾಗೆ "ಸಾಕು" ಎಂದು ಓದಿದ. ಬೇಕರಿಯವನು ತಕ್ಷಣ ಕೆಟಲ್ ಎತ್ತಿ ಅವನ ಲೋಟಕ್ಕೆ ಟೀ ಹಾಕಿದ. "ಸಾಕು, ಸಾಕು!" ಎಂದು ಕಂಡಕ್ಟರ್ ಕೂಗಿದಷ್ಟೂ ಬೇಕರಿಯವನು ಹಾಕಿದ್ದೇ ಹಾಕಿದ್ದು, ಟೀ ಮೊಣಕಾಲ ಮೇಲೆ ಹರಿದು ನಿನ್ನ ಕಾಲೊರಸಿನವರೆಗೂ ಹೋಯಿತು (ಒಗೆದಿದ್ದೇನೆ). ಆಗ ಕೈಬಿಟ್ಟೆ. ಆ ಸ್ಕೇಟಿಂಗ್ ಹಾಲಿನಲ್ಲಿ ಕೆಟ್ಟದ್ದು ನನ್ನೊಬ್ಬನ ಕಿವಿಯಲ್ಲ. ನಿಜ ಹೇಳಿದರೆ ಕೇಳಿಸಿಕೊಳ್ಳುವ ಕಿವಿಯೇ ಬಳಗದಲ್ಲಿ ಉಳಿದಿಲ್ಲ, ನನ್ನ ಅಂಗಡಿಯ ಮಿಷನ್ ಇಟ್ಟುಕೊಳ್ಳಿ ಅಂದರೆ ನಮಗೇನು ವಯಸ್ಸಾಗಿದೆಯೇ ಅನ್ನುತ್ತಾರೆ.

ನಿನ್ನೆ, ಬುಧವಾರ, ಗುಡುಗು ಆರ್ಗನ್ನನ್ನು ನೋಡಲು ನಮ್ಮ ಮನೆಗೇ ಬಂದಿದ್ದರು. ನಾವು ನಾಲ್ವರೂ ಹಾಕು ಅಂಗಿ ತೊಟ್ಟು ಬಾಗಿಲಲ್ಲಿ ಸಾಲಾಗಿ ನಿಂತಿದ್ದೆವು. ಬಂದವರು ನಿನ್ನ ಭುಜಕ್ಕೆ ಬರುವಷ್ಟು ಎತ್ತರದ ಮುದುಕರು, ಸ್ವೆಟರಿನ ಗುಂಡಿ ಒಂದು ತೂತು ಮೇಲೆ ಕೆಳಗೆ. ಮೊದಲು ಕೇಳಿದ್ದು ಬಚ್ಚಲು ಎಲ್ಲಿ ಎಂದು, ನಾಲ್ವರೂ ನಾಲ್ಕು ದಿಕ್ಕು ತೋರಿಸಿದೆವು. ಆಮೇಲೆ ಕೋಟಿನ ಬಣ್ಣದ ಪಂಚಾಯಿತಿಯನ್ನು ಅವರ ಮುಂದಿಟ್ಟೆವು. "ಕೋಟೆಲ್ಲಿತ್ತು? ನೆಗಡಿ ಆಗಿತ್ತು, ಸ್ವೆಟರ್ ಹಾಕಿದ್ದೆ" ಅಂದರು. ಕಿತ್ತೆಸೆದ ಕೀಯ ವಿಷಯ ಕೇಳಿದ್ದಕ್ಕೆ, ಅದು ತಾನಾಗಿಯೇ ಉದುರಿತು ಅಂದರು. "ವಸಡು ಸಡಿಲ ಇತ್ತು ಅನ್ಸುತ್ತೆ" ಅಂದರು ಡಾಕ್ಟರಮ್ಮ, ಸೋಲೊಪ್ಪದೆ. ಆರ್ಗನ್ನಿನ ಮುಂದೆ ಕೂತು, ಸ್ವಿಚ್ ಹಾಕದೆ, ಕೀಗಳ ಮೇಲೆ ಬರಿದೆ ಕೈಯಿಟ್ಟರು. ಬೆರಳ ಗಂಟುಗಳು ಊದಿಕೊಂಡಿವೆ, ಎರಡು ಬೆರಳಂತೂ ಬಗ್ಗುವುದೇ ಇಲ್ಲ. ನಾವೆಲ್ಲ ಅದನ್ನು ನೋಡಿಯೂ ನೋಡದ ಹಾಗಿದ್ದೆವು. ಬೇಕರಿಯವನು ಮಾತ್ರ "ಸಾರ್, ಶನಿವಾರ ಬೆಳಗಾಗೋ ತನಕ ನುಡಿಸ್ಬೇಕು" ಎಂದು ಅವರ ಬೆನ್ನು ತಟ್ಟಿದ. ಅವರು ಇಲ್ಲ ಅನ್ನಲಿಲ್ಲ. ತಲೆ ಎತ್ತಿ, "ಮುಂದಿನ ಸಾಲಲ್ಲಿ ಕೊಡೆ ಹಿಡ್ಕೊಂಡಿದ್ರಲ್ಲ, ಆಯಮ್ಮ ಎಲ್ಲಿ?" ಎಂದು ಕೇಳಿದರು. ಎಲ್ಲರೂ ನನ್ನ ಕಡೆ ನೋಡಿದರು. ಅವರಕ್ಕನ ಮನೆಗೆ ಹೋಗಿದ್ದಾಳೆ ಅಂದೆ. ಅವರು ಒಮ್ಮೆ ಬಿರಿದ ಗಾಜನ್ನು, ಒಮ್ಮೆ ಬಾಲ್ಕನಿಯ ಮೇಜಿನ ಕಾಲುಗಳನ್ನು ನೋಡಿ, "ಗೊತ್ತಾಯ್ತು" ಅಂದರು.

ಆಮೇಲೆ ನನ್ನೊಬ್ಬನನ್ನೇ ಕರೆದು, ಕಿವಿ ಸ್ವಲ್ಪ ನೋಡಿಬಿಡಿ, ಅಂಗಡಿಗೆ ಹೋಗೋಣ ಅಂದರು. ಹೋದೆವು. ಗೂಡಿನಲ್ಲಿ ಕೂರಿಸಿ ಪದಗಳನ್ನು ಹಾಕಿದೆ. ಒಂದೂ ತಪ್ಪಿಲ್ಲ! ನುಡಿಸಿದಷ್ಟು ವರ್ಷವೂ ಕಿವಿಗೆ ಹತ್ತಿ ತುರುಕಿಕೊಂಡೇ ನುಡಿಸಿದರಂತೆ. ನಮ್ಮ ಕಿವಿಯನ್ನು ಸೂರೆ ಮಾಡಿ ತಮ್ಮದನ್ನು ಮಾತ್ರ ಜೋಪಾನವಾಗಿ ಮನೆಗೆ ಒಯ್ದಿದ್ದಾರೆ. ನಿನ್ನ ಸಾಕು ಬಂದಾಗ ಕೈಯೆತ್ತಿ ನಿಲ್ಲಿಸಲು ಹೇಳಿ, ಕಣ್ಣು ಮುಚ್ಚಿ, "ಇದನ್ನ ಇನ್ನೊಂದ್ಸಲ ಹಾಕಿ" ಅಂದರು. ಹಾಕಿದೆ. ಆಮೇಲೆ ಗೂಡಿನ ಬಾಗಿಲು ಹಾಕಿಕೊಂಡು ಇಬ್ಬರೂ ತುಂಬಾ ಹೊತ್ತು ಮಾತಾಡಿದೆವು. ಅದನ್ನು ನಿನಗೆ ಬರೆಯುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ, ಆದ್ದರಿಂದ ಬರೆಯುವುದಿಲ್ಲ.

ಶನಿವಾರ ಬೆಳಿಗ್ಗೆ ಆರ್ಗನ್ನು ಮನೆಯಿಂದ ಹೊರಗೆ ಹೋಗುತ್ತದೆ, ಅದಂತೂ ಖಂಡಿತ. ಮೇಜನ್ನು ಒಳಗೆ ತಂದು ಒರೆಸಿ ಇಡುತ್ತೇನೆ. ಕಿವಿಯಲ್ಲಿ ಮಿಷನ್ ಇದೆ, ಮನೆಯ ಸದ್ದೆಲ್ಲ ಈಗ ಕೇಳುತ್ತದೆ. ನಲ್ಲಿ ಸೋರುತ್ತಿದೆ ಎಂದು ನೀನು ಹೇಳುತ್ತಿದ್ದುದು ನಿಜ. ಗಡಿಯಾರ ಇಷ್ಟು ಗಟ್ಟಿಯಾಗಿ ಹೊಡೆದುಕೊಳ್ಳುತ್ತದೆಂದು ನನಗೆ ಗೊತ್ತಿರಲಿಲ್ಲ. ಎಲ್ಲ ಕೇಳಿಸುವ ಹೊತ್ತಿಗೆ ನೀನೇ ಇಲ್ಲ, ನನಗೆ ಇಲ್ಲಿ ಒಬ್ಬನಿಗೇ ಬೇಜಾರು.

ಕಂಡಕ್ಟರ್ ನಿಮ್ಮಕ್ಕನ ಊರಿನ ಬಸ್ಸಿಗೆ ಹೊರಟಿದ್ದಾನೆ, ಅವನ ಕೈಯಲ್ಲೇ ಈ ಕಾಗದ ಕೊಡುತ್ತಿದ್ದೇನೆ. ನಿಮ್ಮಕ್ಕನಿಗೆ ನನ್ನ ನಮಸ್ಕಾರ, ಷಡ್ಡಕರಿಗೂ, ಎಚ್ಚರವಿದ್ದರೆ. ನಿನಗೆ ವಯಸ್ಸಿನಲ್ಲಿ ದೊಡ್ಡವನಾಗಿ ಆಶೀರ್ವಾದ ಬರೆಯಬೇಕು, ಡಬ್ಬಿಗಳನ್ನೆಲ್ಲ ಬೀಳಿಸಿದವನಾಗಿ ನಮಸ್ಕಾರವನ್ನೇ ಬರೆದಿದ್ದೇನೆ. ಕಂಬಿ ಹಿಡಿದುಕೊಂಡೇ ಮೆಟ್ಟಿಲು ಇಳಿ.

ಇತಿ,
ನಿನ್ನ
"ರೀ"

ತಾ.ಕ.: ಕಂಡಕ್ಟರ್ ಕೆಳಗಿನಿಂದ "ರೈಟ್, ರೈಟ್" ಎಂದು ಕೂಗುತ್ತಿದ್ದಾನೆ, ನಿಂತುಕೊಂಡೇ ಬರೆಯುತ್ತಿದ್ದೇನೆ. ಕೊಟ್ಟ ಮಾತು ಮುರಿಯುತ್ತಿದ್ದೇನೆ. ಗೂಡಿನಲ್ಲಿ ನಾನು ಗುಡುಗು ಅವರಿಗೆ ನಿಜ ಹೇಳಿಬಿಟ್ಟೆ, ಅವಳು ಅವತ್ತು ಕೂಗಿದ್ದು ಸಾಕು ಅಂತ. ಅವರು ನಕ್ಕರು. "ನಂಗೆ ಅವತ್ತೇ ಗೊತ್ತು. ಕಿವೀಲಿ ಹತ್ತಿ ಇತ್ತು, ಆದ್ರೆ ಮುಂದಿನ ಸಾಲು ಚೆನ್ನಾಗಿ ಕಾಣ್ತಿತ್ತು. ಹಾಕು ಅನ್ನೋರ ಬಾಯಿ ಅಗಲ ಇರುತ್ತೆ, ಆಯಮ್ಮ ಹಲ್ಲು ಕಚ್ಕೊಂಡು ಅಂದ್ರು. ಅಷ್ಟು ಜನ ಹಾಕು ಅಂತಿರುವಾಗ ಒಬ್ರು ಸಾಕು ಅಂದದ್ದನ್ನ ಕೇಳೋಕೆ ನಂಗೆ ಮನಸ್ಸು ಬರಲಿಲ್ಲ." ಆಮೇಲೆ ಕೈ ಮುಂದೆ ಚಾಚಿ ತೋರಿಸಿದರು. "ಒಂದು ಹಾಡು ನುಡಿಸಬಲ್ಲೆ, ಅಷ್ಟೇ. ನಿಮ್ಮವರು ಬಿಡಲ್ಲ, ಹಾಕು ಅಂತಾರೆ. ಅವರು ಅಂದ್ರೆ ನಂಗೆ ನಿಲ್ಲಿಸೋಕೆ ಬರಲ್ಲ, ಜನ್ಮದಲ್ಲಿ ಬಂದಿಲ್ಲ. ಆಯಮ್ಮ ಮುಂದಿನ ಸಾಲಲ್ಲಿ ಕೂತು ಒಂದ್ಸಲ ಸಾಕು ಅಂದ್ರೆ ಎದ್ದುಬಿಡ್ತೀನಿ." ಬಲವಂತ ಆಗುತ್ತೆ, ಅವರಿಗೆ ಬರೀಬೇಡಿ ಅಂದಿದ್ದರು.

ಶನಿವಾರ ಬಾರೇ. ನಿಮ್ಮಕ್ಕನನ್ನೂ ಕರೆದುಕೊಂಡು ಬಾ, ಅವರು ಬೇಕಾದರೆ ಹಾಕು ಅನ್ನಲಿ. ಕೊಡೆ ಬಾಗಿಲ ಹಿಂದೆಯೇ ಇದೆ. ಅವರಿಗೆ ಅಂದಾದ ಮೇಲೆ ನನಗೂ ಸಾಕು ಅನ್ನುವುದಿದ್ದರೆ ಮನೆಗೆ ಬಂದು ಎದುರಿಗೆ ನಿಂತು ಅನ್ನು, ಮಿಷನ್ ಹಾಕಿಕೊಂಡಿರುತ್ತೇನೆ. ಆದರೆ ಅದಕ್ಕೆ ಮೊದಲು ಒಂದು ಲೋಟ ಕಾಫಿ ಕುಡಿ. ಸಕ್ಕರೆಯನ್ನು ನೀನು ಅಂದಲ್ಲಿಗೆ ನಿಲ್ಲಿಸುತ್ತೇನೆ.